ತಗ್ಗಿನಿಂದ ಎತ್ತರಕ್ಕೆ: ನಾವು ಬೊಲಿವಿಯಾ ಸುತ್ತಿದ ಬಗೆ

ದಕ್ಷಿಣ ಅಮೆರಿಕದ ಬೊಲಿವಿಯಾಕ್ಕೆ ಹೋಗೋಣ ಎಂದು ನಾವು ನಾಲ್ವರು ಗೆಳೆಯರು ಮಾತಾಡಿಕೊಂಡ ಮೇಲೆ ನಾನು ಮೊದಲು ಮಾಡಿದ ಕೆಲಸ, ಒಂದು ಹಾಳೆಯಲ್ಲಿ ಊರುಗಳ ಹೆಸರು ಬರೆದು ಪಕ್ಕದಲ್ಲಿ ಅವುಗಳ ಎತ್ತರ ನಮೂದಿಸಿದ್ದು. ಸಾಂತಾ ಕ್ರೂಜ್ ಸುಮಾರು 400 ಮೀಟರ್, ಸುಕ್ರೆ 2,800, ಉಯುನಿ 3,650ರ ಆಸುಪಾಸು, ಪೊಟೋಸಿ 4,000ಕ್ಕೂ ಮೇಲೆ. ಲಾ ಪಾಜ್‌ನ ವಿಮಾನ ನಿಲ್ದಾಣ ಇರುವುದು ಊರಿನ ನೆತ್ತಿಯ ಮೇಲಿನ ಎಲ್ ಆಲ್ಟೊದಲ್ಲಿ, 4,060 ಮೀಟರ್‌ನಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 1,900 ಮೀಟರ್ ಚಿಲ್ಲರೆ. ಬಯಲಿನಲ್ಲಿ ಬೆಳೆದ ದೇಹವನ್ನು ನೇರ ಎಲ್ ಆಲ್ಟೊದಲ್ಲಿ ಇಳಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಬಹಳ ಮಂದಿ ಲಾ ಪಾಜ್‌ನಿಂದ ಶುರುಮಾಡುತ್ತಾರೆ. ನಾವು ಅದನ್ನು ಕೊನೆಗಿಟ್ಟೆವು.

ತಂಡದಲ್ಲಿದ್ದ ವೈದ್ಯೆ ಗೆಳತಿ ನಿಯಮ ಹೇಳಿದಳು: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು. ಬೊಲಿವಿಯಾದ ರಸ್ತೆಗಳಲ್ಲಿ ಇದನ್ನು ಅಕ್ಷರಶಃ ಪಾಲಿಸುವುದು ಕಷ್ಟ. ಅದಕ್ಕೇ ಸುಕ್ರೆಯಲ್ಲಿ ರಾತ್ರಿಗಳನ್ನು ಹೆಚ್ಚಿಸಿದೆವು, ಅವಳ ಸಲಹೆಯಂತೆ ಎತ್ತರದ ತೆಳು ಗಾಳಿಯಿಂದ ಬರುವ ತಲೆನೋವು, ವಾಕರಿಕೆ ತಡೆಯುವ ಅಸೆಟಜೋಲಮೈಡ್ ಮಾತ್ರೆ ತೆಗೆದುಕೊಂಡೆವು. ನೀವು ನಿಮ್ಮ ವೈದ್ಯರನ್ನೇ ಕೇಳಿ; ಮಾತ್ರೆ ಎಲ್ಲರಿಗೂ ಹೊಂದುವುದಿಲ್ಲ. ಹಳದಿ ಜ್ವರದ ಲಸಿಕೆಯನ್ನು ಮಾತ್ರ ಹೊರಡುವ 10 ದಿನ ಮೊದಲೇ ಹಾಕಿಸಿಕೊಳ್ಳಲೇಬೇಕು. ಬೊಲಿವಿಯಾದಿಂದ ಬರುವವರ ಬಳಿ ಅದರ ಪ್ರಮಾಣಪತ್ರ ಇಲ್ಲದಿದ್ದರೆ ಭಾರತದಲ್ಲಿ ಇಳಿದ ಮೇಲೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಸುಕ್ರೆ ಸುಣ್ಣ ಬಳಿದ ಬಿಳಿ ಗೋಡೆಗಳ, ಹೆಂಚಿನ ಮಾಡುಗಳ ಊರು. ಸಂವಿಧಾನದ ಪ್ರಕಾರ ಇದೇ ರಾಜಧಾನಿ, ಸರ್ಕಾರ ನಡೆಯುವುದು ಲಾ ಪಾಜ್‌ನಲ್ಲಿ. 1825ರ ಆಗಸ್ಟ್ 6ರಂದು ಸ್ವಾತಂತ್ರ್ಯ ಘೋಷಣೆಯಾದ ಸಭಾಂಗಣ ಇಲ್ಲಿದೆ. ಬೆಳಗ್ಗೆ ಮಾರುಕಟ್ಟೆಯಲ್ಲಿ ನೇರಳೆ ಮುಸುಕಿನ ಜೋಳದ ಬಿಸಿ ಪಾನೀಯ ‘ಆಪಿ’ ಕುಡಿದು, ಮಧ್ಯಾಹ್ನ ಇಳಿಜಾರಿನ ಬೀದಿಗಳಲ್ಲಿ ನಿಧಾನಕ್ಕೆ ನಡೆಯುವುದೇ ನಮ್ಮ ಕೆಲಸ. ದೇಹ ಒಗ್ಗಿಕೊಳ್ಳುವುದು ಇಂಥ ದಿನಗಳಲ್ಲೇ.

ಮುಂದಿನದು ಪೊಟೋಸಿ. ಬೆಳಗಿನ ಬಸ್ಸಿನಲ್ಲಿ ಮೂರು ತಾಸು. ಅಲ್ಲಿ ರಾತ್ರಿ ತಂಗಲಿಲ್ಲ. ಹಗಲು ಎತ್ತರದಲ್ಲಿದ್ದು, ರಾತ್ರಿ ಅದಕ್ಕಿಂತ ತಗ್ಗಿನ ಉಯುನಿಯಲ್ಲಿ ಮಲಗುವುದು ನಮ್ಮ ಯೋಜನೆ. ಊರಿನ ಹಿಂದೆ ಸೆರೊ ರಿಕೊ ಬೆಟ್ಟ ನಿಂತಿದೆ. 1545ರಲ್ಲಿ ಇಲ್ಲಿ ಬೆಳ್ಳಿಯ ಗಣಿಗಾರಿಕೆ ಆರಂಭವಾಯಿತು. 1570ರ ದಶಕದಿಂದ ‘ಮಿಟಾ’ ಎಂಬ ಬಲವಂತದ ದುಡಿಮೆಯ ಕಟ್ಟಳೆಯಲ್ಲಿ ದೂರದೂರದ ಹಳ್ಳಿಗಳ ಗಂಡಸರನ್ನು ಹಿಡಿದು ತಂದು ಗಣಿಗೆ ಇಳಿಸಿದರು. ಈ ಬೆಳ್ಳಿಯ ನಾಣ್ಯಗಳು ಸಮುದ್ರ ದಾಟಿ ಭಾರತದ ಬಂದರುಗಳಿಗೂ ಬಂದವು, ಮೆಣಸಿಗೂ ಬಟ್ಟೆಗೂ ಬೆಲೆಯಾದವು. ಈಗಲೂ ಸಹಕಾರ ಸಂಘಗಳ ಗಣಿಗಾರರು ಒಳಗೆ ದುಡಿಯುತ್ತಾರೆ, ಪ್ರವಾಸಿಗರನ್ನೂ ಕರೆದೊಯ್ಯುತ್ತಾರೆ. “ಇಷ್ಟು ದೂರ ಬಂದು ನೋಡದೇ ಹೋಗೋದಾ?” ಎಂದ ಒಬ್ಬ. ದೂಳು ಕುಡಿದು ಆಯಸ್ಸು ಸವೆಸುವವರ ನಡುವೆ ಕ್ಯಾಮೆರಾ ಹಿಡಿದು ನಿಲ್ಲಲು ನನ್ನ ಮನಸ್ಸು ಒಪ್ಪಲಿಲ್ಲ. ಆ ಎತ್ತರದ ಮೊದಲ ದಿನವೇ ಸುರಂಗದಲ್ಲಿ ಬಗ್ಗಿ ನಡೆಯುವುದೂ ಸರಿಯಲ್ಲ. ಬದಲಿಗೆ ಹಳೆಯ ಟಂಕಸಾಲೆ ಕಾಸಾ ದೆ ಲಾ ಮೊನೆಡಾಕ್ಕೆ ಹೋದೆವು. ಬೆಳ್ಳಿಯ ಗಟ್ಟಿಯನ್ನು ತಗಡು ಮಾಡುತ್ತಿದ್ದ ಮರದ ದೈತ್ಯ ಚಕ್ರಗಳು ಅಲ್ಲಿ ಇನ್ನೂ ಇವೆ; ಕೆಳಗಿನ ಅಂತಸ್ತಿನಲ್ಲಿ ಹೇಸರಗತ್ತೆಗಳು ಸುತ್ತಿ ಸುತ್ತಿ ಅವನ್ನು ತಿರುಗಿಸುತ್ತಿದ್ದವು. ಪೊಟೋಸಿ ಅರ್ಥವಾಗಲು ಆ ಕೋಣೆ ಸಾಕು.

ಉಯುನಿಯ ಉಪ್ಪಿನ ಬಯಲು 10,000 ಚದರ ಕಿಲೋಮೀಟರ್‌ಗೂ ದೊಡ್ಡದು. ನಾವು ಆರಿಸಿದ್ದು ಒಣ ಕಾಲವನ್ನು. ಮಳೆಗಾಲದಲ್ಲಿ ತೆಳು ನೀರು ನಿಂತು ಆಕಾಶ ಪ್ರತಿಬಿಂಬಿಸುತ್ತದೆ ನಿಜ, ಆದರೆ ಆಗ ನಡುವಿನ ಇಂಕಾವಾಸಿ ದ್ವೀಪಕ್ಕೆ ಜೀಪು ಹೋಗದಿರಬಹುದು. ಒಣ ಕಾಲದಲ್ಲಿ ನೆಲವೆಲ್ಲ ಉಪ್ಪು ಉಬ್ಬಿ ಮೂಡಿದ ಬಹುಭುಜಗಳು, ದ್ವೀಪದಲ್ಲಿ ಆಳೆತ್ತರ ಮೀರಿದ ಕಳ್ಳಿಗಳು. ಅಂಚಿನ ಕೊಲ್ಚಾನಿ ಹಳ್ಳಿಯ ಬಳಿ ಉಪ್ಪನ್ನು ಕೆರೆದು ಗುಡ್ಡೆ ಹಾಕಿದ್ದನ್ನು ಕಂಡು ಕುಮಟಾದ ಗೆಳೆಯ ಜೀಪಿನಿಂದ ಇಳಿದವನು ಮತ್ತೆ ಹತ್ತಲೇ ಒಲ್ಲ. ಅವನ ಅಜ್ಜ ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ದುಡಿದವರು. ಚಾಲಕರನ್ನು ಬಿಡದೆ ಕೇಳಿದ: ಇಲ್ಲಿ ಕಡಲ ನೀರು ಹಾಯಿಸುವವರು ಯಾರು? ಯಾರೂ ಇಲ್ಲ. ಪುರಾತನ ಸರೋವರಗಳು ಬತ್ತಿ ಉಳಿದ ಉಪ್ಪು ಇದು.

ಅಲ್ಲಿಂದ ದಕ್ಷಿಣಕ್ಕೆ ಲಗುನಾ ಕೊಲೊರಾಡಾ, ಪಾಚಿಯಿಂದ ಕೆಂಪಾದ ನೀರು, ಅದರಲ್ಲಿ ಫ್ಲೆಮಿಂಗೊಗಳು. ಎತ್ತರ 4,270 ಮೀಟರ್. ಹತ್ತಿರದ ತಂಗುಮನೆಯಲ್ಲಿ ರಾತ್ರಿಯ ಚಳಿ ಶೂನ್ಯಕ್ಕಿಂತ ಬಹಳ ಕೆಳಗೆ. ದಪ್ಪ ಮಲಗುಚೀಲ ಬಾಡಿಗೆಗೆ ಪಡೆದಿದ್ದು ಪ್ರವಾಸದ ಅತ್ಯುತ್ತಮ ಖರ್ಚು. ಆ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯುವ ಮಾತಿಲ್ಲ. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ಕಿನೋವಾ ಸೂಪನ್ನೂ ಹೆಚ್ಚಾಗಿ ಮಾಂಸದ ರಸದಲ್ಲೇ ಮಾಡುತ್ತಾರೆ, ಕೇಳಿಯೇ ಕುಡಿಯಿರಿ. ಕೋಕಾ ಎಲೆಯ ಚಹಾ ಎಲ್ಲೆಡೆ ಸಿಗುತ್ತದೆ, ನಾವೂ ಕುಡಿದೆವು. ಆದರೆ ಒಂದು ಎಲೆಯನ್ನೂ ಚೀಲದಲ್ಲಿ ಊರಿಗೆ ತರಬೇಡಿ, ಭಾರತದಲ್ಲಿ ಅದು ಅಪರಾಧ.

ಕೊನೆಗೆ ರಾತ್ರಿ ಬಸ್ಸಿನಲ್ಲಿ ಲಾ ಪಾಜ್. ಅಷ್ಟು ಹೊತ್ತಿಗೆ ಮೆಟ್ಟಿಲು ಹತ್ತಿದರೂ ಯಾರಿಗೂ ತಲೆನೋವಿಲ್ಲ. 2014ರಲ್ಲಿ ಶುರುವಾದ ಕೇಬಲ್ ಕಾರುಗಳು ಇಲ್ಲಿ ಪ್ರವಾಸಿಗರ ಆಟಿಕೆಯಲ್ಲ, ಜನ ಕೆಲಸಕ್ಕೆ ಹೋಗುವ ವಾಹನ. ಅಗಲ ಲಂಗ, ಗುಂಡು ಟೋಪಿ ತೊಟ್ಟ ಐಮಾರಾ ಹೆಂಗಸರ ಪಕ್ಕ ಕೂತು ಎಲ್ ಆಲ್ಟೊದಿಂದ ಇಳಿದರೆ ಕಣಿವೆಯ ಗೋಡೆಗೆ ಅಂಟಿದ ಇಟ್ಟಿಗೆ ಮನೆಗಳೆಲ್ಲ ಕಾಲಡಿಗೆ ಬರುತ್ತವೆ. ಉಳ್ಳವರ ಮನೆಗಳು ತಳದಲ್ಲಿ. ಅಲ್ಲಿ ಗಾಳಿ ದಟ್ಟ, ಚಳಿ ಕಡಿಮೆ.

ಟಿಟಿಕಾಕಾ ಸರೋವರಕ್ಕೆ ಸಮಯ ಉಳಿಯಲಿಲ್ಲ. ಅದಕ್ಕಾಗಿ ಸುಕ್ರೆಯ ರಾತ್ರಿಗಳನ್ನು ಕತ್ತರಿಸಲು ನಾನು ಒಪ್ಪಿರಲಿಲ್ಲ. ಮುಂದೆ ಹೊರಡುವವರಿಗೂ ಅದನ್ನೇ ಹೇಳುತ್ತೇನೆ.