ವಯಸ್ಸಿನ ಕಿವುಡೋ, ಬೇರೆ ಕಾಯಿಲೆಯೋ? ಆಡಿಯೋಗ್ರಾಂ ಓದುವ ಬಗೆ

ಮುತ್ಯಾಗೆ ಕಿವಿ ಮಂದವಾದರೆ "ವಯಸ್ಸಾಯ್ತಲ್ಲ" ಎಂದು ಸುಮ್ಮನಾಗುವವರೇ ಹೆಚ್ಚು. ಅದರಲ್ಲಿ ವಯಸ್ಸಿನ ಪಾಲೆಷ್ಟು ಎಂಬುದು ಆಡಿಯೋಗ್ರಾಂನಲ್ಲಿ, ಅಂದರೆ ಶ್ರವಣ ಪರೀಕ್ಷೆಯ ಚಾರ್ಟಿನಲ್ಲಿ, ಬಹುಮಟ್ಟಿಗೆ ತಿಳಿಯುತ್ತದೆ.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್‌ನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಇಎನ್‌ಟಿ ವಿಭಾಗದಲ್ಲಿ ಈ ಚಾರ್ಟ್ ಕೊಡುವ ಪ್ಯೂರ್ ಟೋನ್ ಆಡಿಯೋಮೆಟ್ರಿ ಪರೀಕ್ಷೆಯ ಬಗ್ಗೆ ವಿಚಾರಿಸಿ. ಮೊದಲು ಕಿವಿಯ ಗುಗ್ಗೆ ತೆಗೆಸಿ. ದಾಲ್ ಮಿಲ್ಲು, ಶಹಾಬಾದ್ ಕಲ್ಲಿನ ಕಟಿಂಗ್ ಮಷೀನು, ಮೆರವಣಿಗೆಯ ಡಿಜೆ, ಇವುಗಳಿಂದ 16 ಗಂಟೆಯಾದರೂ ದೂರವಿರಿ. ಗದ್ದಲದಿಂದ ನೇರ ಬಂದರೆ ಕಿವಿ ತಾತ್ಕಾಲಿಕವಾಗಿ ಮಂಕಾಗಿದ್ದು, ಫಲಿತಾಂಶ ಇರುವುದಕ್ಕಿಂತ ಕೆಟ್ಟದಾಗಿ ಬರುತ್ತದೆ.

ಚಾರ್ಟಿನಲ್ಲಿ ಕೆಂಪು ವೃತ್ತ ಬಲಗಿವಿ, ನೀಲಿ ಗುಣಾಕಾರದ ಗುರುತು ಎಡಗಿವಿ. ಎಡದಿಂದ ಬಲಕ್ಕೆ 250ರಿಂದ 8000 ಹರ್ಟ್ಸ್, ಅಂದರೆ ತಗ್ಗಿನ ಸ್ವರದಿಂದ ಎತ್ತರದ ಸ್ವರ; ಮೇಲಿನಿಂದ ಕೆಳಕ್ಕೆ ಡೆಸಿಬೆಲ್, ಅಂದರೆ ಕೇಳಲು ಬೇಕಾದ ಸದ್ದಿನ ಜೋರು. ಗೆರೆ ಕೆಳಗಿಳಿದಷ್ಟೂ ಶ್ರವಣ ಕಡಿಮೆ.

ಕಿವಿಕಾಯಿಲೆಯಾಗಲಿ ವಿಪರೀತ ಗದ್ದಲದ ಕೆಲಸವಾಗಲಿ ಇಲ್ಲದವರ ಮಧ್ಯಮ ಅಂಕಿಗಳನ್ನು ಐಎಸ್‌ಒ 7029 ಎಂಬ ಅಂತರರಾಷ್ಟ್ರೀಯ ಮಾನದಂಡ ಕೊಡುತ್ತದೆ. ಅದರ 2000ದ ಆವೃತ್ತಿಯ ಪ್ರಕಾರ, 18ರ ವಯಸ್ಸಿಗೆ ಹೋಲಿಸಿದರೆ 60ರಲ್ಲಿ 1000 ಹರ್ಟ್ಸ್‌ನಲ್ಲಿ ಗಂಡಸು, ಹೆಂಗಸು ಇಬ್ಬರಿಗೂ ಇಳಿಕೆ ಸುಮಾರು 7 ಡೆಸಿಬೆಲ್. 4000ದಲ್ಲಿ ಗಂಡಸರಿಗೆ 28, ಹೆಂಗಸರಿಗೆ 16. 70ಕ್ಕೆ ಬಂದರೆ ಅದೇ 4000ದಲ್ಲಿ 43 ಮತ್ತು 24. ಇವು ಮಧ್ಯದ ಅಂಕಿಗಳು; ಅರ್ಧದಷ್ಟು ಜನರಿಗೆ ಇಳಿಕೆ ಇದಕ್ಕಿಂತ ಹೆಚ್ಚೇ ಇರುತ್ತದೆ. ಹಾಗಾಗಿ ಐದು-ಹತ್ತು ಡೆಸಿಬೆಲ್ ಹೆಚ್ಚಿದ್ದರೆ ಗಾಬರಿ ಬೇಡ.

ಎತ್ತರದ ಸ್ವರ ಗ್ರಹಿಸುವ ರೋಮಕೋಶಗಳು ಕಾಕ್ಲಿಯಾದ (ಒಳಗಿವಿಯ ಸುರುಳಿಯ) ಬುಡದಲ್ಲಿವೆ. ಮೊದಲು ಸವೆಯುವವು ಅವೇ, ಸತ್ತವು ಮತ್ತೆ ಹುಟ್ಟುವುದಿಲ್ಲ. ಸ, ಶ, ತ, ಕ ವ್ಯಂಜನಗಳ ಸ್ಪಷ್ಟತೆ ಇರುವುದು ಈ ಎತ್ತರದಲ್ಲೇ. ಆದ್ದರಿಂದ "ಸಾಲು" ಎಂದದ್ದು "ಕಾಲು" ಎಂದು ಕೇಳಬಹುದು. ಕೂಗಿದರೆ ಜೋರಾಗುವುದು "ಆ" ಎಂಬ ಸ್ವರ, ವ್ಯಂಜನವಲ್ಲ. ಎದುರು ಕೂತು, ಟಿವಿ ಆರಿಸಿ, ನಿಧಾನ ಮಾತಾಡಿ.

ವಯಸ್ಸಿನ ಗೆರೆ ಎರಡೂ ಕಿವಿಯಲ್ಲಿ ಹೆಚ್ಚುಕಡಿಮೆ ಒಂದೇ ಥರ, ಬಲಕ್ಕೆ ಇಳಿಜಾರು. 4000ದ ಹತ್ತಿರ ಗುಂಡಿ ಬಿದ್ದು 8000ದಲ್ಲಿ ಮೇಲೇರಿದ್ದರೆ ಗದ್ದಲದ ಪೆಟ್ಟಿನ ಅನುಮಾನ. ಸದ್ದನ್ನು ಗಾಳಿಯ ಮೂಲಕ (ಹೆಡ್‌ಫೋನಿನಿಂದ) ಮತ್ತು ಮೂಳೆಯ ಮೂಲಕ (ಕಿವಿ ಹಿಂದಿನ ಮೂಳೆಗೆ ತಾಗಿಸಿ) ಕೇಳಿಸಿದಾಗ ಬರುವ ಎರಡು ಗೆರೆಗಳ ನಡುವೆ 10 ಡೆಸಿಬೆಲ್‌ಗಿಂತ ಹೆಚ್ಚು ಅಂತರವಿದ್ದರೆ ಗುಗ್ಗೆ, ತಮಟೆಯ ತೂತು ಅಥವಾ ಮಧ್ಯಕಿವಿಯ ತೊಂದರೆ ನೋಡಿಸಬೇಕು. ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆಯುಂಟು. ಕಿವಿ ಸೋರಿದರೆ ಎಣ್ಣೆ ಬಿಡಲೇಬೇಡಿ.

"ವಯಸ್ಸಿಗೆ ಸಹಜ" ಎಂದು ರಿಪೋರ್ಟಿನಲ್ಲಿದ್ದರೂ ಮಾತು ತಿಳಿಯದಿದ್ದರೆ ಶ್ರವಣಯಂತ್ರ ಕೇಳಿ. ಸಹಜವೆಂಬ ಕಾರಣಕ್ಕೆ ಸಹಿಸಬೇಕಿಲ್ಲ. ಆದರೆ ಒಂದು ಕಿವಿ ದಿಢೀರನೆ ಕೇಳದಾದರೆ ಅದು ತುರ್ತು, ಅಂದೇ ಇಎನ್‌ಟಿ ವೈದ್ಯರ ಬಳಿ ಹೋಗಿ. ಅದಕ್ಕೆ ಕೊಡುವ ಸ್ಟೀರಾಯ್ಡ್ ಮೊದಲ ಎರಡು ವಾರಗಳಲ್ಲೇ ಚೆನ್ನಾಗಿ ಕೆಲಸ ಮಾಡುವುದು.