ಹೊಂಡುರಾಸ್‌ನ ಎರಡು ನಗರಗಳ ನಿರುದ್ಯೋಗ ಹೋಲಿಸುವುದು ಹೇಗೆ?

ನಾನು ಚಿಕ್ಕಮಗಳೂರಿನಲ್ಲಿ ಡಿಗ್ರಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಆಲ್ದೂರಿನ ಹತ್ತಿರ ಮನೆಯವರ ಕಾಫಿ ತೋಟವೂ ಇದೆ. ಪ್ರಾಜೆಕ್ಟ್‌ಗೆ ಬೇರೆ ದೇಶದ ನಿರುದ್ಯೋಗ ಬೇಕು ಎಂದು ಯಾರಾದರೂ ಬಂದರೆ ನಾನು ಹೇಳುವುದು ಹೊಂಡುರಾಸ್. ಮಧ್ಯ ಅಮೆರಿಕದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದು. ಕೊಯ್ಲು ಅಲ್ಲೂ ಹೆಚ್ಚುಕಡಿಮೆ ನಮ್ಮ ಕಾಲಕ್ಕೇ ಬರುತ್ತದೆ. ಹಂಗಾಮಿನ ಕೂಲಿ ಅಂದರೇನು ಅಂತ ನಮ್ಮ ಮಲೆನಾಡಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಎರಡು ನಗರ ಸಾಕು. ರಾಜಧಾನಿ ತೆಗುಸಿಗಾಲ್ಪಾ ಒಂದು. ಅಲ್ಲಿ ಸರ್ಕಾರಿ ಕಚೇರಿ, ವ್ಯಾಪಾರ ಜಾಸ್ತಿ. ಉತ್ತರದ ಸಾನ್ ಪೆದ್ರೊ ಸುಲಾ ಇನ್ನೊಂದು. ಅದರ ಸುತ್ತಮುತ್ತ, ಪಕ್ಕದ ಚೊಲೋಮಾದಲ್ಲೂ, ರಫ್ತಿಗೆ ಬಟ್ಟೆ ಹೊಲಿಯುವ ಫ್ಯಾಕ್ಟರಿಗಳಿವೆ. ಅವನ್ನು ಅಲ್ಲಿ ಮಕಿಲಾ ಎನ್ನುತ್ತಾರೆ.

ಅಂಕಿ ತೆಗೆಯಬೇಕಾದದ್ದು ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆ ಐಎನ್‌ಇ ನಡೆಸುವ ಮನೆಮನೆ ಸಮೀಕ್ಷೆಯಿಂದ. ಕೋಷ್ಟಕದಲ್ಲಿ ‘ತೆಗುಸಿಗಾಲ್ಪಾ’ ಎಂದು ಹುಡುಕಿ ಸುಮ್ನೆ ಸುಸ್ತಾಗಬೇಡಿ. ‘ಡಿಸ್ಟ್ರಿಟೊ ಸೆಂಟ್ರಾಲ್’ ಎಂಬ ಸಾಲು ನೋಡಿ. ತೆಗುಸಿಗಾಲ್ಪಾ ಮತ್ತು ನದಿಯಾಚೆಯ ಕೊಮಾಯಗ್ವೇಲಾ ಸೇರಿದ ಆಡಳಿತ ಪ್ರದೇಶ ಅದು. ಅದರ ಕೆಳಗೆ ಸಾನ್ ಪೆದ್ರೊ ಸುಲಾ, ಆಮೇಲೆ ಉಳಿದ ನಗರಗಳೆಲ್ಲ ಒಂದೇ ಗುಂಪಾಗಿ. ಇದೇ ಕೆಲಸವನ್ನು ಕೋಸ್ಟರಿಕಾದ ಮೇಲೆ ಮಾಡಹೊರಟರೆ ನಗರದ ಬದಲು ಆರು ಪ್ರಾದೇಶಿಕ ವಿಭಾಗ ಸಿಗುತ್ತವೆ. ಸಮೀಕ್ಷೆ ಯಾವ ಮಟ್ಟಕ್ಕೆ ಅಂಕಿ ಕೊಡುತ್ತದೋ ಆ ಮಟ್ಟಕ್ಕೇ ನಿಲ್ಲಿ.

ಎರಡೂ ನಗರದ ಅಂಕಿ ಒಂದೇ ವರ್ಷದ ಒಂದೇ ಸುತ್ತಿನದಾಗಿರಲಿ. ವಯಸ್ಸನ್ನೂ ನೋಡಿ. ಹೊಂಡುರಾಸ್ ಹಿಂದೆ 10 ವರ್ಷ ದಾಟಿದವರನ್ನೆಲ್ಲ ದುಡಿಯುವ ವಯಸ್ಸಿನವರು ಎಂದು ಎಣಿಸುತ್ತಿತ್ತು, ಆಮೇಲೆ ಅದನ್ನು 15ಕ್ಕೆ ಏರಿಸಿತು. ಹಳೆಯ ಕೋಷ್ಟಕಕ್ಕೆ ಹೊಸದನ್ನು ಅಂಟಿಸಿ ಗೆರೆ ಎಳೆದರೆ ಆ ಗೆರೆಗೆ ಅರ್ಥವಿರುವುದಿಲ್ಲ.

ಈಗ ದರ. ಕೆಲಸವಿಲ್ಲದೆ ಹುಡುಕುತ್ತಿರುವವರನ್ನು ಇಡೀ ಜನಸಂಖ್ಯೆಯಿಂದ ಅಲ್ಲ, ದುಡಿಯುವವರು ಮತ್ತು ಹುಡುಕುವವರ ಒಟ್ಟು ಮೊತ್ತದಿಂದ ಭಾಗಿಸಬೇಕು. ನಾನು ಬೋರ್ಡಿನ ಮೇಲೆ ಹಾಕುವ ಲೆಕ್ಕ ಇದು. ಅಂಕಿಗಳು ಪಾಠಕ್ಕಾಗಿ ಇಟ್ಟುಕೊಂಡವು. ಮೊದಲ ಊರಲ್ಲಿ 15 ದಾಟಿದವರು 1,000 ಜನ. 552 ಜನಕ್ಕೆ ಕೆಲಸವಿದೆ, 48 ಜನ ಹುಡುಕುತ್ತಿದ್ದಾರೆ. ದರ 8%. ಎರಡನೇ ಊರಲ್ಲೂ 1,000 ಜನ. ಕೆಲಸವಿರುವವರು 470, ಹುಡುಕುವವರು 30. ದರ 6%. ಎರಡನೆಯದೇ ವಾಸಿ ಅನಿಸುತ್ತದೆ. ಆದರೆ ಅಲ್ಲಿ ಕೆಲಸವಿರುವವರೇ 82 ಜನ ಕಮ್ಮಿ! ಹುಡುಕಿ ಹುಡುಕಿ ಕೈಬಿಟ್ಟವರು ಲೆಕ್ಕದಿಂದಲೇ ಹೊರಗೆ ಹೋಗಿರಬಹುದು. ಹಾಗಾಗಿ ಪ್ರತಿ ದರದ ಪಕ್ಕದಲ್ಲಿ ಶ್ರಮಬಲದ, ಅಂದರೆ ದುಡಿಯುವವರು ಮತ್ತು ಹುಡುಕುವವರು ಸೇರಿದ ಗುಂಪಿನ, ಪಾಲನ್ನೂ ಬರೆಯಿರಿ. ಇಲ್ಲಿ ಅದು 60% ಮತ್ತು 50%.

ಇಷ್ಟಾದರೂ ಅರ್ಧ ಕೆಲಸವೇ ಮುಗಿದಿರುವುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮಾನದಂಡದ ಪ್ರಕಾರ ವಾರದಲ್ಲಿ ಒಂದು ಗಂಟೆ ಸಂಬಳಕ್ಕೆ ದುಡಿದರೂ ನೀವು ಉದ್ಯೋಗಸ್ಥರು. ನಮ್ಮ ತೋಟಕ್ಕೆ ಬರುವ ಒಬ್ಬಾಕೆಗೆ ಹಣ್ಣು ಕೀಳುವ ಕಾಲದಲ್ಲಿ ವಾರವಿಡೀ ಕೆಲಸ. ಜುಲೈ ಮಳೆ ಹಿಡಿದರೆ ವಾರಕ್ಕೆ ಎರಡು ದಿನ ಸಿಕ್ಕರೆ ಹೆಚ್ಚು. ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಂದು, ಮಳೆ ನಿಲ್ಲಲಿ ಅಂತ ಗೋಡೌನ್ ಜಗಲಿ ಮೇಲೆ ಕಾದು ಕೂರುತ್ತಾಳೆ. ಆ ಒಂದು ಗಂಟೆಯ ಲೆಕ್ಕದಲ್ಲಿ ಅವಳು ನಿರುದ್ಯೋಗಿ ಅಲ್ಲ. ಅವಳ ಮನೆ ಖರ್ಚನ್ನು ಕೇಳಿದರೆ ಯಾರೂ ಹಾಗೆ ಹೇಳಲಾರರು.

ಹೊಂಡುರಾಸ್ ಸಮೀಕ್ಷೆ ಇಂಥವರನ್ನು ಬಿಟ್ಟುಬಿಡುವುದಿಲ್ಲ. ನನಗೆ ಅದು ಇಷ್ಟವಾಗುವುದೇ ಈ ಕಾರಣಕ್ಕೆ. ವಾರಕ್ಕೆ 36 ಗಂಟೆಗಿಂತ ಕಡಿಮೆ ದುಡಿದು ಇನ್ನೂ ಕೆಲಸ ಬೇಕು ಎನ್ನುವವರನ್ನು ಅದು ಬೇರೆಯಾಗಿ ಎಣಿಸುತ್ತದೆ. 36 ಗಂಟೆ ದಾಟಿ ದುಡಿದೂ ಕನಿಷ್ಠ ಕೂಲಿ ಮುಟ್ಟದವರನ್ನು ಇನ್ನೊಂದು ಗುಂಪಾಗಿ ಇಡುತ್ತದೆ. ಎರಡಕ್ಕೂ ‘ಸುಬೆಂಪ್ಲಿಯೊ’, ಅಂದರೆ ಅರೆ ಉದ್ಯೋಗ, ಎಂಬ ತಲೆಬರಹ ಇರುತ್ತದೆ. ಎರಡನ್ನೂ ತಪ್ಪದೆ ಬರೆದುಕೊಳ್ಳಿ. ಮೂಲೆಯಲ್ಲಿ ಚೂರುಪಾರು ಮಾರಿಕೊಂಡು ಬದುಕುವವರು ಕಾಣಿಸುವುದು ಇಲ್ಲೇ. ಆದರೆ ಒಂದು ಎಚ್ಚರ: ಅಲ್ಲಿ ಕನಿಷ್ಠ ಕೂಲಿ ಎಲ್ಲರಿಗೂ ಒಂದೇ ಅಲ್ಲ, ಉದ್ಯಮಕ್ಕೂ ಕೆಲಸಗಾರರ ಸಂಖ್ಯೆಗೂ ತಕ್ಕಂತೆ ಬದಲಾಗುತ್ತದೆ. ಮಕಿಲಾ ಇರುವ ನಗರವನ್ನೂ ಕಚೇರಿಗಳ ನಗರವನ್ನೂ ಎದುರುಬದುರು ಇಡುವಾಗ ಇದು ನೆನಪಿರಲಿ.

ಚಿಕ್ಕ ವ್ಯತ್ಯಾಸಕ್ಕೆ ದೊಡ್ಡ ಕಾರಣ ಹುಡುಕಬೇಡಿ. ಒಂದು ನಗರದಲ್ಲಿ ಶ್ರಮಬಲದ 400 ಜನರನ್ನು ಮಾತಾಡಿಸಿದರು ಅಂದುಕೊಳ್ಳಿ. 28 ಜನ ನಿರುದ್ಯೋಗಿಗಳಾದರೆ 7%, 22 ಜನರಾದರೆ 5.5%. ಆರು ಜನರ ವ್ಯತ್ಯಾಸ ಅಷ್ಟೇ. ಅಷ್ಟು ಸಣ್ಣ ಮಾದರಿಯಲ್ಲಿ 7% ಅಂಕಿಯೇ ಆಚೆ ಈಚೆ ಸುಮಾರು 2.5 ಅಂಶ ಓಲಾಡುತ್ತದೆ. ಹಾಗಾಗಿ ಮಾದರಿಯ ಗಾತ್ರ ನೋಡದೆ ಯಾವ ನಗರಕ್ಕೂ ಮೊದಲ ಸ್ಥಾನ ಕೊಡಬೇಡಿ.

2020ರ ಅಂಕಿಯನ್ನು ಬೇರೆಯಾಗಿ ಇಡಿ. ಆ ವರ್ಷ ಕೊರೋನಾ ಸಾಲದು ಎಂಬಂತೆ ನವೆಂಬರ್‌ನಲ್ಲಿ ಏಟಾ, ಅಯೋಟಾ ಚಂಡಮಾರುತಗಳು ಒಂದರ ಹಿಂದೆ ಒಂದು ಬಂದು ಸಾನ್ ಪೆದ್ರೊ ಸುಲಾ ಇರುವ ಸುಲಾ ಕಣಿವೆಯನ್ನು ಮುಳುಗಿಸಿದವು. ವಿಮಾನ ನಿಲ್ದಾಣಕ್ಕೇ ನೀರು ನುಗ್ಗಿತ್ತು.

ಅಂಕಿಗಳನ್ನು ಕರ್ನಾಟಕದ ಜೊತೆ ಇಟ್ಟು ನೋಡುವ ಆಸೆ ನನ್ನ ಮಕ್ಕಳಿಗೆ ಬಂದೇ ಬರುತ್ತದೆ. ತಪ್ಪೇನಿಲ್ಲ. ಆದರೆ ನಮ್ಮ ದೇಶದ ಶ್ರಮಬಲ ಸಮೀಕ್ಷೆಯಾದ ಪಿಎಲ್‌ಎಫ್‌ಎಸ್‌ನಲ್ಲಿ ಇಡೀ ವರ್ಷದ ಸ್ಥಿತಿ ನೋಡಿ ಹೇಳುವ ದರ ಬೇರೆ, ಒಂದು ವಾರದ ಸ್ಥಿತಿ ನೋಡಿ ಹೇಳುವ ದರ ಬೇರೆ. ಹೊಂಡುರಾಸ್ ಪಕ್ಕಕ್ಕೆ ವಾರದ ದರವನ್ನೇ ಇಡಿ. ಕೋಷ್ಟಕದ ಕೆಳಗೆ ವರ್ಷ, ತಿಂಗಳು, ವಯಸ್ಸಿನ ಮಿತಿ ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ಕೊಡಿ. ಆ ಸಾಲಿಲ್ಲದ ಪ್ರಾಜೆಕ್ಟ್‌ಗೆ ನಾನು ಸಹಿ ಹಾಕುವುದಿಲ್ಲ.