ಅಂಟಾರ್ಕ್ಟಿಕಾ ಸಮುದ್ರಕ್ಕೆ ಗಡಿ ಎಳೆಯುವ ಕೆಲಸ: ನನ್ನ ಅನುಭವ

ಪೂರ್ವ ಅಂಟಾರ್ಕ್ಟಿಕಾದ ಸಂರಕ್ಷಿತ ಸಮುದ್ರ ಪ್ರದೇಶದ ಪ್ರಸ್ತಾವಕ್ಕೆ ನಕ್ಷೆ ಮಾಡುವ ತಂಡದಲ್ಲಿ ನಾನಿದ್ದೇನೆ. ಈ ಕೆಲಸ ಹೇಗೆ ನಡೆಯುತ್ತದೆ ಅಂತ ಸುಮಾರು ಜನ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಆ ಸಮುದ್ರ ಯಾವ ಒಂದು ದೇಶದ ಕೈಯಲ್ಲೂ ಇಲ್ಲ. ಅಲ್ಲಿ ಯಾರು, ಎಲ್ಲಿ, ಎಷ್ಟು ಮೀನು ಹಿಡಿಯಬಹುದು ಅಂತ ತೀರ್ಮಾನಿಸುವುದು ಕ್ಯಾಮ್ಲರ್ (CCAMLR) ಅನ್ನುವ ಅಂತರರಾಷ್ಟ್ರೀಯ ಆಯೋಗ. 27 ಸದಸ್ಯರು, ಅದರಲ್ಲಿ ಭಾರತವೂ ಒಂದು. ಪ್ರತಿ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಸಭೆ. ಎಲ್ಲರೂ ಒಪ್ಪಬೇಕು, ಒಬ್ಬರು ಬೇಡ ಅಂದರೂ ಮುಗಿಯಿತು.

ನಕ್ಷೆಯ ಕೆಲಸ ಪದರ ಪದರವಾಗಿ ನಡೆಯುತ್ತದೆ. ಪೆಂಗ್ವಿನ್‌ಗಳ ಬೆನ್ನಿಗೆ ಅಂಟಿಸಿದ ಚಿಕ್ಕ ಟ್ರ್ಯಾಕರ್‌ನಿಂದ ಅವು ಆಹಾರಕ್ಕೆ ಎಲ್ಲಿಗೆ ಹೋಗುತ್ತವೆ ಅಂತ ತಿಳಿಯುತ್ತದೆ. ಅದರ ಮೇಲೆ ಕ್ರಿಲ್ (ಸಿಗಡಿಯಂಥ ಚಿಕ್ಕ ಜೀವಿ) ಜಾಸ್ತಿ ಇರುವ ಜಾಗ, ಸಮುದ್ರದ ತಳದ ಆಕಾರ, ಟೂತ್‌ಫಿಶ್ ಅನ್ನುವ ದೊಡ್ಡ ಮೀನು ಹಿಡಿಯುವ ಹಡಗುಗಳ ಜಾಗ. ಇದೆಲ್ಲ ಕಂಪ್ಯೂಟರಿನಲ್ಲಿ ಕೂತು ಮಾಡಬಹುದು. ಕಷ್ಟ ಶುರುವಾಗುವುದು ಅದನ್ನು ಹಿಡಿದುಕೊಂಡು ಬೇರೆ ದೇಶದವರ ಮುಂದೆ ಕೂತಾಗ.

ನಾನು ಕಂಡುಕೊಂಡ ದಾರಿ ಇದು: ಒಂದು ನೋಟ್‌ಬುಕ್, ಅದರಲ್ಲಿ ದೇಶಕ್ಕೊಂದು ಪುಟ. ಹೋದ ವರ್ಷ ಅವರು ಏನು ಕೇಳಿದರು, ನಾವು ಏನು ಉತ್ತರ ಕೊಟ್ಟೆವು, ಯಾವ ಗೆರೆ ಎಲ್ಲಿಗೆ ಸರಿಯಿತು. ಒಬ್ಬರಿಗೆ ತಮ್ಮ ಹಡಗುಗಳ ಚಿಂತೆ, ಇನ್ನೊಬ್ಬರಿಗೆ ಮುಂದಿನ ಸಂಶೋಧನೆ ಯಾರು ಮಾಡುತ್ತಾರೆ ಅನ್ನುವ ಪ್ರಶ್ನೆ, ಮತ್ತೊಬ್ಬರಿಗೆ ಇದು ಎಷ್ಟು ವರ್ಷ ಜಾರಿಯಲ್ಲಿರುತ್ತದೆ ಅನ್ನುವುದೇ ದೊಡ್ಡದು. ಅಕ್ಟೋಬರ್‌ವರೆಗೆ ಕಾಯಬಾರದು. ವರ್ಷದ ಮಧ್ಯದಲ್ಲಿ ವಿಜ್ಞಾನಿಗಳ ಕಾರ್ಯಗುಂಪು ಸೇರುತ್ತದಲ್ಲ, ಅಲ್ಲೇ ಉತ್ತರ ಕೊಟ್ಟು ದಾಖಲೆಯಲ್ಲಿ ಬರೆಸಬೇಕು. ದೊಡ್ಡ ಸಭೆಯಲ್ಲಿ ಮೊದಲ ಸಲ ನಕ್ಷೆ ನೋಡಿದವರು ಹೂಂ ಅನ್ನುವುದಿಲ್ಲ, ಅದು ಸಹಜವೂ ಹೌದು.

ಅಂಟಾರ್ಕ್ಟಿಕಾದ ಇನ್ನೊಂದು ಕಡೆಯ ರಾಸ್ ಸಮುದ್ರವನ್ನು ಸಂರಕ್ಷಿತ ಪ್ರದೇಶ ಮಾಡಿದ ಕಡತ ನನಗೆ ಪಾಠಪುಸ್ತಕ. ಅಮೆರಿಕ ಮತ್ತು ನ್ಯೂಜಿಲೆಂಡ್ ಬೇರೆ ಬೇರೆ ತಂದ ಪ್ರಸ್ತಾವಗಳನ್ನು 2012ರಲ್ಲಿ ಒಂದು ಮಾಡಿದರು. 2013ರಲ್ಲಿ ಜರ್ಮನಿಯ ಬ್ರೆಮರ್‌ಹಾವೆನ್‌ನಲ್ಲಿ ಇದಕ್ಕೆಂದೇ ಕರೆದ ಸಭೆಯಲ್ಲೂ ಆಗಲಿಲ್ಲ. ಗಡಿ ಕುಗ್ಗಿಸಿದರು, ಸಂಶೋಧನೆಗೆ ಮೀನು ಹಿಡಿಯಲು ಬೇರೆ ವಲಯ ಬಿಟ್ಟರು, ಅವಧಿಯನ್ನು 35 ವರ್ಷಕ್ಕೆ ಇಳಿಸಿದರು. 2015ರಲ್ಲಿ ಚೀನಾ ಒಪ್ಪಿತು, 2016ರಲ್ಲಿ ರಷ್ಯಾ. ಹೀಗೆ 15.5 ಲಕ್ಷ ಚದರ ಕಿ.ಮೀ. ಸಮುದ್ರ ಉಳಿಯಿತು. ಅವಧಿ ಹಾಕಿದ್ದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ. ಆದರೆ ಅದನ್ನು ಬಿಟ್ಟುಕೊಡದಿದ್ದರೆ ಏನೂ ಸಿಗುತ್ತಿರಲಿಲ್ಲ, ಅಲ್ವಾ?

ನಮ್ಮ ಪೂರ್ವ ಅಂಟಾರ್ಕ್ಟಿಕಾ ಪ್ರಸ್ತಾವವೂ ಹೀಗೇ ಸವೆದಿದೆ. ಮೊದಲು 7 ಪ್ರದೇಶ ಇದ್ದವು, 4 ಆಯಿತು, ಆಮೇಲೆ 3. ಇನ್ನೂ ಕುಗ್ಗಿಸಿ ಅಂತ ಕೇಳಿದಾಗ ನಾನು ಪೆಂಗ್ವಿನ್ ಜಾಡಿನ ನಕ್ಷೆ ತೆಗೆದಿಡುತ್ತೇನೆ. ಮರಿಗೆ ಮೇವು ತರುವ ದಾರಿಯೇ ಗಡಿಯ ಹೊರಗೆ ಹೋದರೆ ಆ ಗಡಿ ಸುಮ್ನೆ ಕಾಗದದ ಮೇಲಿನ ಗೆರೆ. ಎಲ್ಲಿ ಬಗ್ಗಬಹುದು, ಎಲ್ಲಿ ಬಗ್ಗಬಾರದು ಅನ್ನುವುದನ್ನು ಸಭೆಗೆ ಹೋಗುವ ಮುಂಚೆಯೇ ತಂಡದಲ್ಲಿ ಗಟ್ಟಿ ಮಾಡಿಕೊಳ್ಳುತ್ತೇವೆ.

2021ರಲ್ಲಿ ಭಾರತ ಈ ಪ್ರಸ್ತಾವಕ್ಕೂ ಅಂಟಾರ್ಕ್ಟಿಕಾದ್ದೇ ಆದ ವೆಡ್ಡೆಲ್ ಸಮುದ್ರದ ಪ್ರಸ್ತಾವಕ್ಕೂ ಬೆಂಬಲ ಘೋಷಿಸಿದಾಗ ನನಗೆ ತುಂಬಾ ಖುಷಿಯಾಯಿತು. ನಮ್ಮ ದೇಶದ ಭಾರತಿ ಸಂಶೋಧನಾ ಕೇಂದ್ರ ಇರುವುದೂ ಪೂರ್ವ ಅಂಟಾರ್ಕ್ಟಿಕಾದ ದಂಡೆಯಲ್ಲೇ. ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ವಿದ್ಯೆ), ಅಂಕಿಅಂಶ ಕಲಿತ ನಮ್ಮ ಹುಡುಗ ಹುಡುಗಿಯರು ಈ ಕಡೆ ಬರಬೇಕು. ಕಾರ್ಯಗುಂಪಿನ ಸಭೆಗಳ ವರದಿಗಳು ಆಯೋಗದ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತವೆ, ಅಲ್ಲಿಂದ ಓದಲು ಶುರು ಮಾಡಿ.